ಶಿಲುಬೆಯ ಬುಡದಲ್ಲಿ ರಥಗಳು

ಐರ್ಲೆಂಡಿನ ಹಳೆಯ ಕ್ರೈಸ್ತ ಮಠಗಳ ಅಂಗಳದಲ್ಲಿ ಆಳೆತ್ತರವನ್ನು ಮೀರಿದ ಕಲ್ಲಿನ ಶಿಲುಬೆಗಳಿವೆ. ಹೆಚ್ಚಿನವು ಕ್ರಿ.ಶ. 8ರಿಂದ 10ನೆಯ ಶತಮಾನದ ನಡುವಿನವು. ಚಿತ್ರಗಳಲ್ಲಿ ಇವನ್ನು ಕಂಡವರಿಗೆ ನೆನಪಿನಲ್ಲಿ ಉಳಿಯುವುದು ತೋಳುಗಳನ್ನು ಸುತ್ತಿದ ಕಲ್ಲಿನ ಬಳೆ, ಕಂಬದ ಮೇಲಿನ ಬೈಬಲ್ ಕಥೆಗಳು. ಪೀಠದ ಕಡೆಗೆ ಬಗ್ಗಿ ನೋಡುವವರು ಕಡಿಮೆ.

ಪೀಠವೆಂದರೆ ಕೆಳಗೆ ಅಗಲವಾಗಿ ಮೇಲಕ್ಕೆ ಕಿರಿದಾಗುವ ದೊಡ್ಡ ಕಲ್ಲು. ಅದರ ನೆತ್ತಿಯಲ್ಲಿ ಕುಳಿ ತೋಡಿ ಕಂಬದ ಬುಡವನ್ನು ಕೂರಿಸುತ್ತಿದ್ದರು. ಬಡಗಿ ಮರಕ್ಕೆ ಮರ ಕೂಡಿಸುವ ಹಾಗೆಯೇ.

ಕೆಲ್ಸ್ ಎಂಬಲ್ಲಿನ ಒಂದು ಶಿಲುಬೆಯ ಪೀಠದ ಮೇಲೆ, ಇದು ಪ್ಯಾಟ್ರಿಕ್ ಮತ್ತು ಕೊಲಂಬರ ಶಿಲುಬೆ ಎಂದು ಲ್ಯಾಟಿನ್ನಿನಲ್ಲಿ ಕೊರೆದಿದೆ. ಇಬ್ಬರೂ ಆ ನಾಡಿನ ಮಹಾಸಂತರು. ಆದರೆ ಅದೇ ಪೀಠದಲ್ಲಿ ರಥ ಹೊರಟಿದೆ! ಅದೇ ಊರಿನ ಮಾರುಕಟ್ಟೆ ಶಿಲುಬೆಯ ಬುಡದಲ್ಲಿ ಕುದುರೆ ಸವಾರರಿದ್ದಾರೆ, ಗುರಾಣಿ ಹಿಡಿದು ಕಾದಾಡುವವರಿದ್ದಾರೆ. ಅಹೆನಿಯ ಒಂದು ಪೀಠದ ಒಂದು ಬದಿಯಲ್ಲಿ ಏಳು ಮಂದಿ ಧರ್ಮಗುರುಗಳು ಸಾಲಾಗಿ ನಿಂತಿದ್ದಾರೆ. ಇನ್ನೊಂದು ಬದಿಯಲ್ಲಿ ಕುದುರೆಯೊಂದು ತಲೆಯಿಲ್ಲದ ದೇಹವನ್ನು ಹೊತ್ತು ಸಾಗುತ್ತಿದೆ. ಆ ದೇಹ ಯಾರದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಈ ರಥಗಳ ಬೆಲೆ ದೊಡ್ಡದು. ಐರ್ಲೆಂಡಿನ ಪ್ರಾಚೀನ ವೀರಕಥೆಗಳ ತುಂಬ ರಥಗಳೇ. ಆದರೆ ಅಲ್ಲಿನ ನೆಲದಲ್ಲಿ ಅಂಥ ಇಡೀ ರಥವೊಂದು ದೊರೆತಿಲ್ಲ. ಎರಡು ಚಕ್ರ, ಮುಂದೆ ಸಾರಥಿ, ಹಿಂದೆ ಒಡೆಯ ಎಂಬ ರೂಪವನ್ನು ಕಣ್ಣಿಗೆ ಕಟ್ಟಿಕೊಡುವ ಮುಖ್ಯ ಆಧಾರ ಈ ಪೀಠಗಳೇ.

ಜಪತಪಗಳ ಮಠದಲ್ಲಿ ರಥ ಏಕೆ? ಬೈಬಲಿನ ಹಳೆಯ ಒಡಂಬಡಿಕೆಯಲ್ಲೂ ರಥಗಳಿವೆ ಎನ್ನುವವರಿದ್ದಾರೆ. ನನಗೆ ಮಾತ್ರ ಇಲ್ಲಿ ಅರಸರ ನೆರಳು ಕಾಣುತ್ತದೆ. ಕ್ಲಾನ್‌ಮ್ಯಾಕ್‌ನಾಯ್ಸ್‌ ಮಠದ ಪ್ರಸಿದ್ಧ ಶಿಲುಬೆಯ ಬರಹದಲ್ಲಿ ಮಠಾಧಿಪತಿ ಕೋಲ್ಮನ್ನನ ಜೊತೆಗೆ 916ರಲ್ಲಿ ತೀರಿಕೊಂಡ ಅರಸ ಫ್ಲಾನ್‌ನ ಹೆಸರೂ ಇದೆ. ಅದರ ಪೀಠದಲ್ಲೂ ಸವಾರರು, ರಥಗಳು. ಕಂಬ ದೇವರದು, ಬುಡ ದಾನಿಯದು ಎಂಬ ಒಪ್ಪಂದವಿತ್ತೋ ಏನೋ!

ಎಲ್ಲ ಕಡೆಯೂ ಹೀಗಿಲ್ಲ. ಮೂನ್ ಎಂಬಲ್ಲಿನ ಎತ್ತರದ ಪೀಠದಲ್ಲಿ ಏಸುವಿನ 12 ಶಿಷ್ಯರು ಸಾಲಿಗೆ ನಾಲ್ವರಂತೆ ಮೂರು ಸಾಲಾಗಿ ನಿಂತಿದ್ದಾರೆ. ಗ್ರಾನೈಟ್ ಕಲ್ಲು ಉಳಿಗೆ ಸುಲಭವಾಗಿ ಬಗ್ಗದು; ಆದ್ದರಿಂದ ಮೈಯೆಲ್ಲ ಚೌಕ, ಮುಖಗಳು ಮಕ್ಕಳು ಬರೆದಂತೆ.

ನೆಲಕ್ಕೆ ಹತ್ತಿರವಿರುವ ಭಾಗಕ್ಕೆ ಮಳೆಯ ಎರಚಲು, ಪಾಚಿ, ದನಗಳ ಮೈಯುಜ್ಜಾಟ ಎಲ್ಲವೂ ತಪ್ಪಿದ್ದಲ್ಲ. ಕ್ಲಾನ್‌ಮ್ಯಾಕ್‌ನಾಯ್ಸ್‌ ಶಿಲುಬೆಯನ್ನು 1990ರ ದಶಕದ ಆರಂಭದಲ್ಲಿ ಸೂರಿನಡಿಗೆ ಸಾಗಿಸಿ, ಮೊದಲಿನ ಜಾಗದಲ್ಲಿ ಪ್ರತಿಕೃತಿ ನಿಲ್ಲಿಸಿದರು. ಅಹೆನಿಯ ತಲೆಯಿಲ್ಲದ ಸವಾರ ಇಂದಿಗೂ ಬಯಲಿನಲ್ಲೇ ಇದ್ದಾನೆ.