ಪಾಲ್, ಹಾಲು, ಆಲು

ಮನುಷ್ಯನ ಮಾತು ಮೊದಲು ಹೇಗೆ ಹುಟ್ಟಿತೆಂಬುದನ್ನು ಯಾವ ಶಾಸನವೂ ಹೇಳದು. ಹುಟ್ಟಿದ ಮಾತು ಹೇಗೆ ಬದಲಾಗುತ್ತದೆಂಬುದಕ್ಕೆ ಮಾತ್ರ ಹಾಸನ ಜಿಲ್ಲೆಯಲ್ಲೇ ಸಾಕ್ಷಿ ಉಂಟು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಸುಮಾರು ಕ್ರಿ.ಶ. 450ರದೆಂದು ಎಣಿಕೆ. ಅದರಲ್ಲಿ ಊರಿನ ಹೆಸರು 'ಪಲ್ಮಿಡಿ'.

ನಮ್ಮ 'ಹಾಲು' ಸಹ ಹಳಗನ್ನಡದಲ್ಲಿ 'ಪಾಲ್'. ಸೋದರ ಭಾಷೆಗಳನ್ನು ನೋಡಿರಿ: ತಮಿಳಿನಲ್ಲಿ ಇಂದಿಗೂ 'ಪಾಲ್', ತೆಲುಗಿನಲ್ಲಿ 'ಪಾಲು', ತುಳುವಿನಲ್ಲಿ 'ಪೇರ್'. ಕನ್ನಡದಲ್ಲಿ ಮಾತ್ರ ಹತ್ತನೆಯ ಶತಮಾನದ ಸುಮಾರಿಗೆ ಪಕಾರವು ಹಕಾರವಾಗತೊಡಗಿತು.

ಹಾಸನದ ಬಳಿಯ ಕೊರವಂಗಲದಲ್ಲಿ ಬೂಚಿಯು ಬೂಚೇಶ್ವರ ದೇಗುಲವನ್ನು ಕಟ್ಟಿಸಿದ್ದು 1173ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಆಗ ನಾಡಿನಲ್ಲಿ ಎರಡು ರೂಪಗಳೂ ಬಳಕೆಯಲ್ಲಿದ್ದುವು. ಅಂದು 'ಹಾಲು' ಎಂದವನನ್ನು ಪಂಡಿತರು ಗದರಿಸಿರಲೂಬಹುದು! ಅವನ ಮಾತೇ ಇಂದು ಪಠ್ಯಪುಸ್ತಕದ ಮಾತು.

ಪಕಾರಕ್ಕೆ ತುಟಿಗಳೆರಡೂ ಕೂಡಬೇಕು. ಹಕಾರಕ್ಕೆ ಬರಿಯ ಉಸಿರು ಸಾಕು. ಆ ಉಸಿರೂ ಸಡಿಲಿದರೆ ಉಳಿಯುವುದು 'ಆಲು'. ಈ ಸೀಮೆಯ ಹಳ್ಳಿಗಳಲ್ಲಿ ನೀವು ಅದನ್ನು ಕೇಳಿಯೇ ಇರುತ್ತೀರಿ. ಅದು ಹಳೆಯ ದಾರಿಯಲ್ಲಿ ಇನ್ನೊಂದು ಹೆಜ್ಜೆ, ಅಷ್ಟೆ.

ಬರೆವಣಿಗೆಗೆ ಒಂದು ಕಟ್ಟು ಬೇಕು; ಆದುದರಿಂದ ಶಾಲೆಯಲ್ಲಿ 'ಹಾಲು' ಎಂದೇ ಕಲಿಸೋಣ. ಆದರೆ 'ಆಲು' ಎಂದ ಮಗುವನ್ನು ಕಂಡು ನಗುವುದು ಬೇಡ. ನಕ್ಕರೆ ಮಗು ತಿದ್ದಿಕೊಳ್ಳುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ.