ಖೋಲಿ ಬಾಡಿಗೆಗೆ ಅದ

ಧಾರವಾಡದಲ್ಲಿ ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಓಣಿಗಳಲ್ಲಿ ಎರಡು ಬಗೆಯ ಜನ ಕಾಣಿಸಿಕೊಳ್ಳುತ್ತಿದ್ದರು. ಕೊಡೆ ರಿಪೇರಿ ಮಾಡುವವರು ಮತ್ತು ಖೋಲಿ ಹುಡುಕುವವರು. ಕೊಡೆಯವರು ಈಗ ಅಪರೂಪವಾಗಿದ್ದಾರೆ. ಖೋಲಿಯವರು ಮಾತ್ರ ವರ್ಷ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಸಪ್ತಾಪುರದ ಕಡೆ ಹೋದರೆ ಕಾಂಪೌಂಡಿಗೊಂದು ಬೋರ್ಡು ತೂಗುತ್ತಿರುತ್ತದೆ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು ಮನೆಯಿಂದ ಮನೆಗೆ ಅಲೆಯುತ್ತಾರೆ. ಅವರನ್ನು ನೋಡಿದಾಗಲೆಲ್ಲ ನನಗೆ ನನ್ನ 1990ನೆಯ ಇಸವಿಯ ಜೂನ್ ನೆನಪಾಗುತ್ತದೆ. ಅದನ್ನು ಹೇಳುವ ಮೊದಲು ಈ ಊರಿಗೆ ಖೋಲಿ ಹುಡುಕುವ ಕಾಲ ಹೇಗೆ ಬಂತೆಂಬುದನ್ನು ಸ್ವಲ್ಪ ಹೇಳಬೇಕು.

ಒಂದು ಕಾಲಕ್ಕೆ ಮುಂಬಯಿ ಕರ್ನಾಟಕದ ಹುಡುಗರು ಮ್ಯಾಟ್ರಿಕ್ ಮುಗಿಸಿ ಮುಂದೆ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದು ಹಾಗೆಯೇ. ಪುಣೆಯಲ್ಲಿ ಸೋದರಮಾವನೋ ಚಿಕ್ಕಪ್ಪನೋ ಇದ್ದವರ ಕಥೆ ಬೇರೆ, ಇಲ್ಲದವರ ಕಥೆ ಬೇರೆ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಊರೂರು ತಿರುಗಿ ಹಣ ಕೂಡಿಸಿದ ಮೇಲೆ 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡಕ್ಕೆ ಬಂತು. ಕರ್ನಾಟಕ ವಿಶ್ವವಿದ್ಯಾಲಯದ ಕಾಯಿದೆಯಾದದ್ದು 1949ರಲ್ಲಿ. ಹಳ್ಳಿಯ ಹುಡುಗರು ಗಂಟು ಕಟ್ಟಿಕೊಂಡು ಇಲ್ಲಿಗೆ ಬರತೊಡಗಿದರು. ಕಾಲೇಜು ಕಟ್ಟುವುದಕ್ಕೆ ಚಂದಾ ಎತ್ತಿದವರ ಹೆಸರು ಇತಿಹಾಸದಲ್ಲಿದೆ. ಬಂದ ಹುಡುಗರು ಎಲ್ಲಿ ಮಲಗಿದರು, ಏನು ಉಂಡರು ಎಂಬುದು ಮಾತ್ರ ಅಡಿಗೆಮನೆಯ ಇತಿಹಾಸ, ಅದನ್ನು ಬರೆದವರು ಕಡಿಮೆ.

ಮೊದಲು ಇದ್ದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಗೊತ್ತುಮಾಡಿಕೊಂಡು ಓದುವುದು. ಯಾವುದೋ ಒಂದು ವಾರ ಸಿಗದಿದ್ದರೆ ಆ ದಿನ ನೀರು ಕುಡಿದು ಮಲಗುವುದು. ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ವಾರಾನ್ನದ ದಿನಗಳನ್ನು ಬರೆದಿದ್ದಾರೆ. ಓದುವಾಗ ನನಗೆ ಹುಡುಗನ ಸಂಕಟದ ಜೊತೆಗೆ, ಅಂಥ ಹುಡುಗರಿಗೆ ಬಡಿಸಿದ ಕೈಗಳೂ ನೆನಪಾದವು. ವಾರದ ಹುಡುಗ ಬರುವ ದಿನ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದವಳು ಮನೆಯ ಸೊಸೆ, ಪುಣ್ಯ ಬಂದದ್ದು ಮನೆಯ ಯಜಮಾನರಿಗೆ.

ಆಮೇಲೆ ಖಾನಾವಳಿ. ಗಂಡ ತೀರಿಕೊಂಡ ಹೆಂಗಸಿಗೆ ಆ ಕಾಲದಲ್ಲಿ ಮರ್ಯಾದೆಯಿಂದ ನಾಲ್ಕು ಕಾಸು ಕಾಣುವ ದಾರಿಗಳು ಎಷ್ಟಿದ್ದವು? ಹಪ್ಪಳ ಸಂಡಿಗೆ, ಹೊಲಿಗೆ, ಇಲ್ಲದಿದ್ದರೆ ಹತ್ತು ಹುಡುಗರಿಗೆ ಅಡಿಗೆ. ಬೇಂದ್ರೆಯವರ ತಾಯಿ ಖಾನಾವಳಿ ನಡೆಸಿಯೇ ಮನೆ ತೂಗಿಸಿದರು. ಅಡಿಗೆಯ ಕಸುವು ಇಲ್ಲದವರು ಪಡಸಾಲೆಯ ಪಕ್ಕದ ಖೋಲಿಯನ್ನು ಬಾಡಿಗೆಗೆ ಕೊಟ್ಟರು. ಆ ಬಾಡಿಗೆ ಹಲವು ಮನೆಗಳಲ್ಲಿ ಹೆಂಗಸಿನ ಕೈಗೇ ಬರುತ್ತಿದ್ದ ಮೊದಲ ರೊಕ್ಕ. ಇದನ್ನು ನಾನು ಗೌರವದಿಂದಲೇ ಹೇಳುತ್ತಿದ್ದೇನೆ.

ಆದರೆ ಖಾನಾವಳಿಯ ಬೋರ್ಡಿನ ಮೇಲೆ ಬ್ರಾಹ್ಮಣರದು, ಲಿಂಗಾಯತರದು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಖೋಲಿಗೆ ಬೋರ್ಡು ಇರಲಿಲ್ಲ, ಪ್ರಶ್ನೆ ಇತ್ತು. ‘ನೀವು ಯಾ ಪೈಕಿ?’

ಈ ಪ್ರಶ್ನೆಯಿಂದಾಗಿಯೇ ಒಂದೊಂದು ಸಮಾಜದವರೂ ತಮ್ಮ ಹುಡುಗರಿಗೆ ತಾವೇ ಬೋರ್ಡಿಂಗು ಕಟ್ಟಿಕೊಂಡರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಸಂಖ್ಯೆ ಸಣ್ಣದಲ್ಲ. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು ಮತ್ತು ನಾಗಮ್ಮತಾಯಿ ಹರಿಜನ ಬಾಲಿಕಾಶ್ರಮ ನಡೆಸಿದರು. ಊರಲ್ಲಿ ನೀರಿನ ಕೊಡ ಮುಟ್ಟಗೊಡದ ಕಾಲದಲ್ಲಿ ಆ ಹುಡುಗಿಯರನ್ನು ಒಂದೇ ಸೂರಿನಡಿ ಇಟ್ಟುಕೊಂಡು ಓದಿಸಿದ್ದು ಸಾಮಾನ್ಯ ಧೈರ್ಯವಲ್ಲ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಕಾಲಕ್ಕೆ ಸರಕಾರದ ಹಾಸ್ಟೆಲ್ಲುಗಳು ಹೆಚ್ಚಿದವು. ನನ್ನ ಸಹಪಾಠಿಗಳಲ್ಲಿ ಅರ್ಧ ಜನ ಆ ಹಾಸ್ಟೆಲ್ಲುಗಳಿಲ್ಲದಿದ್ದರೆ ಬಿ.ಎ. ಮಾಡುತ್ತಿರಲಿಲ್ಲ.

ಕರ್ನಾಟಕ ಕಾಲೇಜು ತೆರೆದ ಅದೇ 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಒಂದು ಡಜನ್ ಜನ ಬಂದು ಸಂಜೆಯೊಳಗೆ ಖಾಲಿ ಮಾಡೆಂದರು. ಊರಿನ ಗೆಳೆಯರೂ ಕಾರಣ ಹೇಳಿ ಜಾರಿಕೊಂಡರು. ರೈಲಿನ ಹೊತ್ತಾಗುವವರೆಗೆ ಉದ್ಯಾನದಲ್ಲಿ ಕುಳಿತಿದ್ದರೆಂದು ಅವರೇ ಬರೆದಿದ್ದಾರೆ. ಅಷ್ಟು ಓದಿದವರಿಗೆ ಒಂದು ಖೋಲಿ ಸಿಗಲಿಲ್ಲ. ಇದನ್ನು ನಾನು ಓದಿದ್ದು ಬಹಳ ತಡವಾಗಿ, ಮಾಸ್ತರಿಕೆಗೆ ಸೇರಿದ ಮೇಲೆ. ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಯಾಕೆಂದರೆ ನನಗೆ 1990 ನೆನಪಾಯಿತು.

ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಾನೂ ನನ್ನ ಗೆಳತಿಯೂ ಹಾಸ್ಟೆಲ್ ಬಿಟ್ಟು ಒಂದು ಖೋಲಿ ಹಿಡಿಯಬೇಕೆಂದು ತೀರ್ಮಾನಿಸಿದೆವು. ಅವಳು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿದ್ದಳು, ಅಲ್ಲಿ ಒಂದೊಂದು ಕೋಣೆಗೆ ಹತ್ತು ಟ್ರಂಕು. ಇತಿಹಾಸದಲ್ಲಿ ನನಗಿಂತ ಯಾವಾಗಲೂ ಹೆಚ್ಚು ಅಂಕ ಪಡೆಯುತ್ತಿದ್ದವಳು, ಓದಲು ಒಂದು ಮೂಲೆ ಸಿಕ್ಕರೆ ಸಾಕೆಂದು ಹಂಬಲಿಸುತ್ತಿದ್ದಳು. ರೈಲ್ವೆ ನಿಲ್ದಾಣದ ಹತ್ತಿರ ಮಾಳಮಡ್ಡಿಯಲ್ಲಿ ಒಂದು ಹೆಂಚಿನ ಮನೆ ನೋಡಿದೆವು. ಒಬ್ಬರೇ ಇದ್ದ ವಯಸ್ಸಾದ ಬಾಯಾರು, ಹಿತ್ತಲಲ್ಲಿ ಬಾವಿ, ಪಾರಿಜಾತದ ಗಿಡ, ತಿಂಗಳಿಗೆ ನೂರೈವತ್ತು ಬಾಡಿಗೆ, ಐದುನೂರು ಮುಂಗಡ. ನಮ್ಮಿಬ್ಬರ ಕಣ್ಣೂ ಅರಳಿದವು.

ಬಾಯಾರು ನನ್ನ ಅಡ್ಡಹೆಸರು ಕೇಳಿದರು. ಹೇಳಿದೆ. ಅವರ ಮುಖ ಸಡಿಲಾಯಿತು. ಅವಳ ಕಡೆ ತಿರುಗಿ, ‘ನೀವ್ಯಾ ಪೈಕಿ ಆತ್ರೀ?’ ಎಂದರು. ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಬಾಯಾರು ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. ‘ಖೋಲಿ ಭಾಳ ಸಣ್ಣದದವಾ, ಇಬ್ಬರಿಗೆ ಆಗೂದಿಲ್ಲ. ಒಬ್ಬಾಕಿಗಷ್ಟ ಕೊಡತೀನಿ’ ಎಂದು ನನ್ನನ್ನು ನೋಡಿದರು. ಐದು ನಿಮಿಷದ ಹಿಂದೆ ಅವರೇ ಎರಡು ಹಾಸಿಗೆ ಎಲ್ಲಿ ಹಾಸಬಹುದೆಂದು ತೋರಿಸಿದ್ದರು.

ಮರುದಿನ ಐದುನೂರು ರೂಪಾಯಿ ಕೊಟ್ಟು ನಾನೊಬ್ಬಳೇ ಆ ಖೋಲಿಗೆ ಹೋದೆ. ಗೆಳತಿ ‘ಹೋಗು, ಒಬ್ಬಾಕೀದರ ಓದು ಆಗ್ಲಿ’ ಎಂದಿದ್ದಳು. ಅವಳು ಹಾಗೆ ಹೇಳಿದ್ದೇ ನನಗೆ ಅನುಮತಿಯಾಯಿತು. ಅವಳು ಬೇರೆ ಇನ್ನೇನು ಹೇಳಬಹುದಿತ್ತು ಎಂದು ನಾನು ಆಗ ಯೋಚಿಸಲಿಲ್ಲ.

ಒಂದು ತಿಂಗಳಲ್ಲಿ ‘ಬಾಯಾರ’ ಎನ್ನುತ್ತಿದ್ದವಳು ‘ಮೌಶಿ’ ಎನ್ನತೊಡಗಿದೆ. ನನಗೆ ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟರು, ಪರೀಕ್ಷೆಯ ದಿನ ಕೈಗೆ ಸಕ್ಕರೆ ಹಾಕಿ ಕಳಿಸಿದರು. ಒಳ್ಳೆಯವರು. ಇಂದಿಗೂ ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ, ಅದೇ ನನಗೆ ತೊಡಕು. ಗೆಳತಿ ನೋಟ್ಸ್ ಕೊಡಲು ಬಂದಾಗ ಗೇಟಿನ ಹೊರಗೇ ನಿಂತು ಕೂಗುತ್ತಿದ್ದಳು. ಒಳಗೆ ಬಾ ಎಂದು ನಾನೂ ಕರೆಯುತ್ತಿರಲಿಲ್ಲ. ಅಸ್ಪೃಶ್ಯತೆಯ ಹೆಸರಿನಲ್ಲಿ ಯಾವುದೇ ಬಡಾವಣೆಯಲ್ಲಿ ವಾಸಕ್ಕೆ ಅಡ್ಡಿಮಾಡುವುದು ಅಪರಾಧವೆಂದು 1955ರಲ್ಲೇ ಕಾಯಿದೆಯಾಗಿತ್ತು. ಇತಿಹಾಸದ ಪತ್ರಿಕೆಗೆ ನಾವಿಬ್ಬರೂ ಸಂವಿಧಾನದ 17ನೆಯ ವಿಧಿಯನ್ನು ಬಾಯಿಪಾಠ ಮಾಡಿದ್ದೆವು.

ಇರಲಿ. ಬಾಡಿಗೆಯ ವ್ಯವಹಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಿಂದ ಹೋದ ಹುಡುಗಿಯರ ತಾಯಂದಿರು ಕಾಲೇಜು ಸೇರಿಸುವ ಹೊತ್ತಿಗೆ ಬಂದು ‘ಅಕ್ಕಾರ, ಖೋಲಿ ಹಿಡೀಬೇಕಂತಾಳ್ರೀ, ಏನ್ ಮಾಡೋಣ?’ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ.

ಮನೆ ಮಾಲಕರು ವಿದ್ಯಾರ್ಥಿಗಳಿಗೇ ಖೋಲಿ ಕೊಡಲು ಬಯಸುವುದಕ್ಕೆ ಕಾರಣವಿದೆ. ಮುಂಬಯಿ ಸರಕಾರದ 1947ರ ಬಾಡಿಗೆ ಕಾಯಿದೆ, ಅನಂತರ ನಮ್ಮ ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯಿದೆ, ಇವುಗಳಿದ್ದಾಗ ಒಮ್ಮೆ ಹೊಕ್ಕ ಸಂಸಾರಸ್ಥರನ್ನು ಬಿಡಿಸುವುದು ಸುಲಭವಿರಲಿಲ್ಲ. ವಿದ್ಯಾರ್ಥಿಯಾದರೋ ಪರೀಕ್ಷೆ ಮುಗಿದ ಮರುದಿನ ಬಸ್ಸು ಹತ್ತುತ್ತಾನೆ. 1999ರ ಹೊಸ ಬಾಡಿಗೆ ಕಾಯಿದೆ 2001ರ ಕೊನೆಗೆ ಜಾರಿಗೆ ಬಂತು, ಹಳೆಯ ಅಂಜಿಕೆ ಮಾತ್ರ ಮನೆ ಮಾಲಕರ ಮನಸ್ಸಿನಿಂದ ಹೋಗಿಲ್ಲ. ಕರಾರುಪತ್ರ ಹನ್ನೊಂದು ತಿಂಗಳದ್ದೇ ಯಾಕೆಂದು ಹುಡುಗಿಯರು ಕೇಳುತ್ತಾರೆ. ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು, ಅದರ ಖರ್ಚು ತಪ್ಪಲೆಂದು ಹನ್ನೊಂದು. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಬಾಯಿಮಾತಿನ ಮೇಲೆ ಖೋಲಿ ಹಿಡಿಯಬೇಡಿ, ಸ್ಟಾಂಪ್ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಮುಂಗಡ ಕೊಟ್ಟ ದಿನವೇ ಪಾವತಿ ತೆಗೆದುಕೊಳ್ಳಬೇಕು. ಬಿ.ಎಡ್. ಮಾಡುವಾಗ ಬೇರೊಂದು ಊರಿನಲ್ಲಿ ನಾನು ಈ ಪಾಠ ಕಲಿತೆ. ಬಿಟ್ಟು ಹೊರಟಾಗ ಮನೆ ಮಾಲಕರು ಸುಣ್ಣ ಬಳಿಸಬೇಕು, ಕಿಟಕಿಯ ಗಾಜು ಒಡೆದಿದೆ ಎಂದು ಎಂಟುನೂರರಲ್ಲಿ ಆರುನೂರು ಹಿಡಿದುಕೊಂಡರು. ಗಾಜು ನಾನು ಹೋಗುವ ಮೊದಲೇ ಒಡೆದಿತ್ತು. ಸಾಕ್ಷಿ ಏನು? ಈಗ ನಿಮ್ಮ ಕೈಯಲ್ಲಿ ಫೋನಿದೆ. ಸಾಮಾನು ಒಳಗಿಡುವ ಮೊದಲು ಗೋಡೆ, ಗಾಜು, ನಳ, ಫ್ಯಾನು ಎಲ್ಲದರ ಚಿತ್ರ ತೆಗೆದು ಮಾಲಕರಿಗೂ ಕಳಿಸಿಬಿಡಿ. ಬಿಡುವ ಮಾತನ್ನು ಒಂದು ತಿಂಗಳ ಮೊದಲು ಬರವಣಿಗೆಯಲ್ಲೇ ತಿಳಿಸಿ, ಕರೆಂಟಿನ ಬಿಲ್ಲು ಚುಕ್ತಾ ಮಾಡಿ ಅದರ ಚೀಟಿ ಇಟ್ಟುಕೊಳ್ಳಿ. ಕೀಲಿಕೈ ಕೊಡುವುದೂ ಮುಂಗಡ ತೆಗೆದುಕೊಳ್ಳುವುದೂ ಒಂದೇ ಹೊತ್ತಿಗೆ ಆಗಬೇಕು.

ಖೋಲಿಯನ್ನು ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ನೋಡಬೇಕು. ಓಣಿಯ ದೀಪ ಉರಿಯುತ್ತದೆಯೇ, ಲೈಬ್ರರಿಯಿಂದ ಬರುವ ದಾರಿ ಹೇಗಿದೆ ಎಂಬುದು ಹಗಲಲ್ಲಿ ತಿಳಿಯುವುದಿಲ್ಲ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮಾಲಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಬೇಕು. ಕರೆಂಟಿಗೆ ಬೇರೆ ಮೀಟರು ಇದೆಯೇ ನೋಡಬೇಕು. ಬಚ್ಚಲಿಗೆ, ಖೋಲಿಗೆ ಒಳಗಿನ ಚಿಲಕ ಗಟ್ಟಿಯಾಗಿರಬೇಕು. ಚಿಲಕದ ಮಾತನ್ನು ಹುಡುಗಿಯರು ನಾಚಿಕೆಯಿಂದ ಕೇಳುವುದಿಲ್ಲ, ತಾಯಂದಿರೇ ಕೈಯಿಂದ ಎಳೆದು ನೋಡಬೇಕು. ಜೊತೆಗಾರ್ತಿಯರೊಂದಿಗೆ ಗ್ಯಾಸು, ಹಾಲು, ಅಕ್ಕಿಯ ಲೆಕ್ಕ ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಎಷ್ಟೋ ಗೆಳೆತನ ಅರ್ಧ ಲೀಟರು ಹಾಲಿಗೆ ಮುರಿದದ್ದನ್ನು ನಾನು ಕಂಡಿದ್ದೇನೆ.

ನನ್ನ ಗೆಳತಿ ಹತ್ತು ಟ್ರಂಕಿನ ಆ ಕೋಣೆಯಲ್ಲೇ ಓದಿ ನನಗಿಂತ ಹೆಚ್ಚು ಅಂಕ ತೆಗೆದಳು. ನೌಕರಿಗೂ ನನಗಿಂತ ಮೊದಲೇ ಸೇರಿದಳು. ವರ್ಗವಾಗಿ ಹೋದ ಒಂದು ತಾಲೂಕಿನ ಊರಿನಲ್ಲಿ ಮನೆ ಸಿಗಲು ಎರಡು ತಿಂಗಳು ಬೇಕಾಯಿತೆಂದು ಒಮ್ಮೆ ಮದುವೆ ಮನೆಯಲ್ಲಿ ಸಿಕ್ಕಾಗ ನಗುತ್ತಲೇ ಹೇಳಿದಳು. ಮಾಳಮಡ್ಡಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾದವಳು ನಾನೇ ಆಗಿದ್ದೆ.

ಕೆಲವು ವರ್ಷಗಳ ಹಿಂದೆ ನಾವು ಮನೆಯ ಮೇಲೆ ಒಂದು ಖೋಲಿ ಕಟ್ಟಿಸಿದೆವು. ಮೊದಲ ಸಲ ಕೇಳಲು ಬಂದದ್ದು ಇಬ್ಬರು ಹುಡುಗಿಯರು, ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವರು. ಅತ್ತೆಯವರು ಒಳಗಿನಿಂದ, ‘ಯಾ ಪೈಕಿ ಅಂತ ಕೇಳಿದ್ಯೇನವಾ?’ ಎಂದು ಕೂಗಿದರು. ಹುಡುಗಿಯರಿಗೆ ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೇಳಲಿಲ್ಲ, ಆದರೆ ಅವರು ಕೊಟ್ಟ ಗುರುತಿನ ಚೀಟಿಯ ಮೇಲೆ ನನ್ನ ಕಣ್ಣು ಮೊದಲು ಹೋದದ್ದು ಅಡ್ಡಹೆಸರಿನ ಕಡೆಗೇ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒಬ್ಬಳದು ಊರ ಹೆಸರು, ಅದರಿಂದ ಏನೂ ಗೊತ್ತಾಗಲಿಲ್ಲ. ಇನ್ನೊಬ್ಬಳದರಿಂದ ಗೊತ್ತಾಯಿತು.

ಚೀಟಿ ತಿರುಗಿ ಕೊಟ್ಟು, ಕೀಲಿಕೈ ತೆಗೆದುಕೊಂಡು ಮುಂದೆ ಮೆಟ್ಟಿಲು ಹತ್ತಿದೆ. ‘ಬರ್ರಿ, ಮೊದಲ ನೀರು ನೋಡ್ರಿ. ಬಚ್ಚಲದ ಚಿಲಕ ಹೊಸದು ಹಾಕಿಸೇನಿ, ಎಳದ ನೋಡ್ರಿ’ ಎಂದೆ. ಎತ್ತರದ ಹುಡುಗಿ ಎರಡು ಸಲ ಎಳೆದು ನೋಡಿದಳು.