ಕನ್ನಡ ಕೀಲಿಮಣೆ: ಬರೆಯುವುದು ಬಂತು, ತಿದ್ದುವುದು ಬಾಕಿ

ಮಾತಾಡಿದರೆ ಬರಹ ಮೂಡುವ ಸೌಲಭ್ಯ ಮೊಬೈಲಿಗೆ ಬಂದ ಮೇಲೆ ಕೀಲಿಮಣೆಯ ಚರ್ಚೆಯೇ ಮುಗಿಯಿತು ಎನ್ನುವವರು ಹೆಚ್ಚುತ್ತಿದ್ದಾರೆ. ಈ ಕ್ಷೇತ್ರ ನಡೆದುಬಂದ ದಾರಿ ಬಲ್ಲವರು ಹಾಗೆನ್ನಲಾರರು.

ಬೆರಳಚ್ಚು ಯಂತ್ರದ ಕಾಲದ ತೊಡಕು ಜಾಗದ್ದು. ಅನಂತ ಸುಬ್ಬರಾಯರು ಕನ್ನಡದ ಅಕ್ಷರರಾಶಿಯನ್ನು ಯಂತ್ರದ ಸೀಮಿತ ಕೀಲಿಗಳಿಗೆ ಒಗ್ಗಿಸಿದರು. 1980ರ ದಶಕದ ಇನ್‌ಸ್ಕ್ರಿಪ್ಟ್ ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂದು ಹಂಚಿ, ಭಾರತದ ಹಲವು ಲಿಪಿಗಳಿಗೆ ಒಂದೇ ವಿನ್ಯಾಸ ಕೊಟ್ಟಿತು. ತರ್ಕ ಅಚ್ಚುಕಟ್ಟು. ಆದರೆ ‘ಆ’ ಬೇಕೋ ಅದರ ಗುಣಿತ ಚಿಹ್ನೆ ಬೇಕೋ ಎಂದು ಪ್ರತಿಸಲ ತೀರ್ಮಾನಿಸುವ ಹೊರೆ ಬರೆಯುವವರ ಮೇಲೆ ಬಿತ್ತು.

ಆ ಹೊರೆ ಇಳಿಸಿದ್ದು ಕೆ. ಪಿ. ರಾವ್. ಅವರ ವಿನ್ಯಾಸದಲ್ಲಿ ಸ್ವರದ ಕೀಲಿ ಒಂದೇ: ಪದದ ಮೊದಲಲ್ಲಿ ಒತ್ತಿದರೆ ಅಕ್ಷರ, ವ್ಯಂಜನದ ಬೆನ್ನಿಗೆ ಒತ್ತಿದರೆ ಗುಣಿತ. ಮಹಾಪ್ರಾಣಕ್ಕೆ ಅಲ್ಪಪ್ರಾಣದ ಕೀಲಿಯೇ ಶಿಫ್ಟ್ ಜೊತೆಗೆ. ಒತ್ತು ಕೊಡಲು ‘ಎಫ್’. ಶಾಲೆಯಲ್ಲಿ ಕಲಿತ ಕಾಗುಣಿತದ ನೆನಪೇ ಇಲ್ಲಿ ಬೆರಳಿಗೆ ದಾರಿ ತೋರುತ್ತದೆ. ಕರ್ನಾಟಕ ಸರ್ಕಾರ ಇದನ್ನು ಅಧಿಕೃತ ವಿನ್ಯಾಸವಾಗಿ ಒಪ್ಪಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಕಚೇರಿಗಳಿಗೆ ಮುಟ್ಟಿಸಿತು. ನಮ್ಮ ತಲೆಮಾರು ಗಣಕದಲ್ಲಿ ನಿರಾಳವಾಗಿ ಕನ್ನಡ ಬರೆದದ್ದು ಈ ಸರಳತೆಯ ಬಲದಿಂದ.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ದೂರದ ಊರುಗಳ ಕನ್ನಡಿಗರೂ ರೋಮನ್ ಕಾಗುಣಿತದಲ್ಲಿ ಒತ್ತಿ ಕನ್ನಡ ಬರೆದರು. ಅದರ ಉಪಕಾರ ದೊಡ್ಡದು. ಆದರೆ ಕನ್ನಡ ಬರೆಯಲು ಮೊದಲು ಇಂಗ್ಲಿಷ್ ಅಕ್ಷರ ಗೊತ್ತಿರಬೇಕು ಎಂಬ ಕರಾರು ಲಿಪ್ಯಂತರದ ಜೊತೆಗೇ ಒಳಬಂತು. ಮೊಬೈಲಿನ ಕಾಲದಲ್ಲಿ ಐಐಟಿ ಬಾಂಬೆಯ ‘ಸ್ವರಚಕ್ರ’ ಕೀಲಿಮಣೆ ಬೇರೆ ದಾರಿ ಹಿಡಿಯಿತು. ವ್ಯಂಜನ ಮುಟ್ಟಿದರೆ ಅದರ ಗುಣಿತಾಕ್ಷರಗಳು ಸುತ್ತಲೂ ಅರಳುತ್ತವೆ, ಬೆರಳು ಜಾರಿಸಿದರೆ ಸಾಕು. ಲಿಪಿಯ ಸ್ವಭಾವದಿಂದಲೇ ಹುಟ್ಟಿದ ಇಂಥ ಯೋಚನೆಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ.

ಇವೆಲ್ಲ ಅಕ್ಷರ ಮೂಡಿಸುವ ಕತೆ. ತಿದ್ದುವ ಕತೆ ಬೇರೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು. ಮೊದಲ ‘ಸ’ ಬದಲು ‘ಶ’ ಬಿದ್ದಿದ್ದರೆ ಕರ್ಸರ್ ಸಾಮಾನ್ಯವಾಗಿ ಅಕ್ಷರದ ಒಳಗೆ ನಿಲ್ಲುವುದಿಲ್ಲ. ಬ್ಯಾಕ್‌ಸ್ಪೇಸ್ ಕೊನೆಯ ದೀರ್ಘದಿಂದ ಒಂದೊಂದಾಗಿ ಕಿತ್ತುಕೊಂಡು ಬರುತ್ತದೆ. ಒಂದು ತಪ್ಪಿಗಾಗಿ ಸರಿಯಾಗಿದ್ದ ಐದನ್ನೂ ಮತ್ತೆ ಒತ್ತಬೇಕು. ಇಡೀ ಅಕ್ಷರವನ್ನು ಒಮ್ಮೆಗೇ ಅಳಿಸಿದರೆ, ಬರಿಯ ಗುಣಿತ ತಿದ್ದಬೇಕಾದವರಿಗೆ ಕಷ್ಟ. ಎರಡು ಅಗತ್ಯಗಳಿಗೂ ಒಂದೇ ಕೀಲಿ ಸಾಲದು.

ಧ್ವನಿ ಈ ತೊಡಕನ್ನು ಬಿಡಿಸುವುದಿಲ್ಲ. ಊರಿನ ಹೆಸರು, ಮನೆತನದ ಹೆಸರು, ಆಡುಮಾತಿನ ರೂಪ ತಪ್ಪಾಗಿ ಮೂಡಿದಾಗ ಮತ್ತೆ ಕೀಲಿಮಣೆಗೇ ಬರಬೇಕು. ಹೇಳಿ ಬರೆಸುವುದು ಹೆಚ್ಚಿದಷ್ಟೂ ತಿದ್ದುವ ಕೆಲಸದ ಪಾಲು ದೊಡ್ಡದಾಗುತ್ತದೆ. ಅಕ್ಷರವನ್ನು ಮುಟ್ಟಿ ಹಿಡಿದರೆ ಅದರ ವ್ಯಂಜನ, ಒತ್ತು, ಗುಣಿತಗಳು ಬಿಡಿಯಾಗಿ ತೆರೆದು, ಬೇಕಾದ್ದನ್ನಷ್ಟೇ ಬದಲಿಸಲು ಬರುವ ವಿನ್ಯಾಸ ನಮಗೆ ಬೇಕು. ಕೀಲಿಮಣೆಯನ್ನು ವೇಗದಿಂದ ಅಳೆದದ್ದಾಯಿತು. ಇನ್ನು ತಿದ್ದುವ ಸುಲಭತೆಯಿಂದಲೂ ಅಳೆಯಬೇಕು.